ಗುಜರಿಯ ಪೆಟ್ಟಿಗೆ, ಮನೆಯ ಒಡವೆ

ಪ್ರಶ್ನೆ: ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಹಳೆಯ ಸಾಮಾನು ಕೊಳ್ಳುವುದು ನನ್ನ ಹುಚ್ಚು. ಈಗ ಮನೆಯಲ್ಲಿ ಆರು ಮನೆಗಳ ಮರದ ಸಾಂಬಾರ ಬಟ್ಟಲು, ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ, ಮುಚ್ಚಿಹೋದ ಮುದ್ರಣಾಲಯವೊಂದರ ಅಕ್ಷರದ ಕೇಸು (ಅಚ್ಚಿನ ಮೊಳೆಗಳನ್ನು ಇಡುವ, ಸಣ್ಣ ಸಣ್ಣ ಮನೆಗಳ ಮರದ ತಟ್ಟೆ), ಎರಡು ಜರಡಿ, ಒಂದು ಚನ್ನೆಮಣೆ, ಉಪ್ಪಿನಕಾಯಿ ಭರಣಿ, ಹಳೆಯ ಲಟ್ಟಣಿಗೆಗಳು ಸೇರಿಕೊಂಡಿವೆ. ಇವುಗಳಲ್ಲಿ ಒಡವೆಗಳನ್ನು ಕಣ್ಣಿಗೆ ಚೆಂದ ಕಾಣುವಂತೆ ಇಡಬೇಕೆಂಬ ಆಸೆ. ಬೆಳ್ಳಿ ಕಾಲ್ಗೆಜ್ಜೆಗೆ ರಬ್ಬರ್ ಬ್ಯಾಂಡ್ ಸುತ್ತಿ ಸಾಂಬಾರ ಬಟ್ಟಲಿನಲ್ಲಿ ಇಟ್ಟಿದ್ದೆ. ಒಂದೇ ಮಳೆಗಾಲದಲ್ಲಿ ಕಪ್ಪಾಯಿತು. 'ಯಾರ ಮನೆಯದೋ ಏನೋ, ಅದರಲ್ಲಿ ಒಡವೆ ಇಡುತ್ತಾರೆಯೇ' ಎಂದು ಅತ್ತೆಯವರ ಆಕ್ಷೇಪ ಬೇರೆ. ನ್ಯೂಜೆರ್ಸಿಯಲ್ಲಿರುವ ತಂಗಿ ಎಲೆಯಡಿಕೆ ಪೆಟ್ಟಿಗೆಯನ್ನು ತನಗೆ ಕಳುಹಿಸೆಂದು ಕೇಳುತ್ತಿದ್ದಾಳೆ. ಎಲ್ಲಿಂದ ಶುರುಮಾಡಲಿ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಪ್ಪಾದ ಕಾಲ್ಗೆಜ್ಜೆಯಿಂದಲೇ ಶುರುಮಾಡೋಣ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಗಾಳಿಯಲ್ಲಿ ಬೆರೆತ ಗಂಧಕದ ಅಂಶ ಬೆಳ್ಳಿಯ ಮೈಗೆ ತಾಗಿ ಸಿಲ್ವರ್ ಸಲ್ಫೈಡಿನ ತೆಳು ಪದರ ಕಟ್ಟುತ್ತದೆ. ತೇವ ಹೆಚ್ಚಿದ್ದಷ್ಟೂ ಬೇಗ. ನಿಮ್ಮ ಸಾಂಬಾರ ಬಟ್ಟಲಿನಲ್ಲಿ ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಇಂಗು, ಸಾಸಿವೆ ತುಂಬಿಟ್ಟಿದ್ದಾರು. ಇಂಗಿನ ಆ ಘಾಟು ಬರುವುದೇ ಗಂಧಕದ ಸಂಯುಕ್ತಗಳಿಂದ, ಸಾಸಿವೆಯ ಖಾರದಲ್ಲಿಯೂ ಗಂಧಕವಿದೆ. ಮರ ಅದನ್ನೆಲ್ಲ ಹೀರಿಕೊಂಡಿರುತ್ತದೆ. ಅದರ ಮೇಲೆ ಮುಚ್ಚಳ, ಹೊರಗೆ ತೀರ್ಥಹಳ್ಳಿಯ ಆಷಾಢ. ಸಾಲದೆಂಬಂತೆ ರಬ್ಬರ್ ಬ್ಯಾಂಡ್: ರಬ್ಬರನ್ನು ಗಟ್ಟಿ ಮಾಡಲು ಕಾರ್ಖಾನೆಯಲ್ಲಿ ಬೆರೆಸುವುದೂ ಗಂಧಕವನ್ನೇ. ಗೆಜ್ಜೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಬ್ಯಾಂಡ್ ತಾಗಿದ್ದ ಜಾಗದಲ್ಲಿ ಕಪ್ಪು ಗೆರೆ ಉಳಿದೆಡೆಗಿಂತ ದಟ್ಟವಾಗಿದ್ದರೆ ಆಶ್ಚರ್ಯವಿಲ್ಲ.

ಗೆಜ್ಜೆ ಹಾಳಾಗಿಲ್ಲ, ಚಿಂತೆ ಬೇಡ. ಗಾಜಿನ ಅಥವಾ ಪಿಂಗಾಣಿ ಬೋಗುಣಿಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಒಂದೆರಡು ಚಮಚ ಅಡುಗೆ ಸೋಡಾ ಉದುರಿಸಿ, ಕುದಿಯುವ ನೀರು ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಮಾತ್ರ ತನ್ನ ಜಾಗದಲ್ಲಿಯೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದರ್ಥ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಅಭ್ಯಾಸವಿದ್ದರೆ ಬಿಡಿ. ಅದು ಕಪ್ಪನ್ನು ತೆಗೆಯುವಾಗ ಬೆಳ್ಳಿಯನ್ನೂ ಸವೆಸುತ್ತದೆ. ಆದರೆ ಹರಳು, ಮುತ್ತು ಕೂರಿಸಿದ ಒಡವೆಗೆ ಈ ಸೋಡಾ ಸ್ನಾನ ಬೇಡ. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆಗಂತೂ ಬೇಡವೇ ಬೇಡ, ಅದರ ಕುಸುರಿಯ ನೆರಳೆಲ್ಲ ತೊಳೆದುಹೋಗಿ ಬೋಳಾಗುತ್ತದೆ.

ಪೆಟ್ಟಿಗೆ ಚೆಂದವಿದೆ ಎಂದು ಅದಕ್ಕೊಂದು ಒಡವೆ ಹುಡುಕುತ್ತಾ ಹೋದರೆ ಇಂಥ ಪೇಚು ತಪ್ಪಿದ್ದಲ್ಲ. ಮೊದಲು ಒಡವೆಗೆ ಯಾವುದು ಆಗದು ಎಂದು ತಿಳಿದುಕೊಳ್ಳಿ, ಆಮೇಲೆ ಅದಕ್ಕೆ ಪೆಟ್ಟಿಗೆ ಗೊತ್ತುಮಾಡಿ. ಹಳೆಯ ಸಾಮಾನನ್ನು ಅಲಂಕಾರಕ್ಕೆ ಬಳಸುವ ಬಗ್ಗೆ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಬಣ್ಣ, ಬ್ರಷ್ಷು, ಲೇಸು ಎಂದೇ ಆರಂಭಿಸುತ್ತಾರೆ. ಅದು ಕೊನೆಯ ಕೆಲಸ. ಎಷ್ಟೋ ಬಾರಿ ಬೇಕಾಗದ ಕೆಲಸ.

ಹಾಗಾಗಿ ಒಂದು ಬಿಳಿ ಪಂಚೆ ಹಾಸಿ, ಮನೆಯ ಒಡವೆಗಳನ್ನೆಲ್ಲ ಅದರ ಮೇಲೆ ಹರಡಿ. ಗಾಜಿನ ಬಳೆಗಳನ್ನು ಮೊದಲು ಒಂದು ಕಡೆ ಸರಿಸಿ. ಅವಕ್ಕೆ ಗಾಳಿ, ತೇವ, ಗಂಧಕ ಯಾವುದರ ಹಂಗೂ ಇಲ್ಲ, ಒಡೆಯದಿದ್ದರೆ ಆಯಿತು. ಟೆರಾಕೋಟ ಸರ, ಓಲೆಗಳದ್ದೂ ಅದೇ ಜಾತಿ. ಬೆಳ್ಳಿಯ ಸಂಗತಿ ಹೇಳಿಯಾಯಿತು. ಒಂದು ಗ್ರಾಂ ಚಿನ್ನದ ಒಡವೆಗಳ ಮೇಲಿರುವುದು ಬಹಳ ತೆಳುವಾದ ಲೇಪ, ಅದಕ್ಕೆ ಬೆವರು, ಅತ್ತರು, ತೇವ ಮೂರೂ ಶತ್ರುಗಳು. ಮುತ್ತು, ಹವಳದ್ದು ಬೇರೆಯೇ ಕಥೆ. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಬಂಧುಗಳು. ಆಮ್ಲ ತಾಗಿದರೆ ಹೊಳಪು ಹೋಗುತ್ತದೆ. ಮುತ್ತನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಮುಚ್ಚಿಡುವುದೂ ಒಳ್ಳೆಯದಲ್ಲ, ಅದಕ್ಕೆ ಅಷ್ಟಿಷ್ಟು ತೇವ ಬೇಕು. ನ್ಯಾಫ್ತಲೀನ್ ಗುಳಿಗೆ ಹತ್ತಿರ ಸುಳಿಯಬಾರದು.

ಚಿನ್ನದಲ್ಲಿಯೂ ಒಂದು ಬಗೆಯನ್ನು ಬೇರೆ ತೆಗೆಯಿರಿ: ಒಳಗೆ ಅರಗು ತುಂಬಿದ್ದು. ಕೊಡಗಿನ ಜೋಮಾಲೆಯ ಗುಂಡುಗಳು ಹಾಗಿರುತ್ತವೆ, ಕುಂದಣದ ಹರಳುಗಳ ಕೆಳಗೂ ಅರಗು ಇರುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ತೂಗುಹಾಕಿದರೆ ಅರಗು ಮೆತ್ತಗಾಗಿ ಹರಳು ಸಡಿಲವಾದೀತು.

ಇನ್ನು ಗೀಚುವ ಪ್ರಶ್ನೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪನದಲ್ಲಿ ವಜ್ರ 10, ಕೆಂಪು ಮತ್ತು ನೀಲ 9, ಪಚ್ಚೆ ಏಳೂವರೆಯಿಂದ 8, ಮುತ್ತು ಎರಡೂವರೆಯಿಂದ ನಾಲ್ಕೂವರೆಯ ನಡುವೆ. ಚಿನ್ನ, ಬೆಳ್ಳಿ ಮುತ್ತಿಗಿಂತಲೂ ಹೆಚ್ಚು ಗಟ್ಟಿಯೇನಲ್ಲ. ವಜ್ರದ ಮೂಗುಬೊಟ್ಟು ಮತ್ತು ಮುತ್ತಿನ ಸರ ಒಂದೇ ಬಟ್ಟಲಿನಲ್ಲಿದ್ದರೆ ಯಾರು ಯಾರನ್ನು ಗೀಚುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಮಗೆ ಹೊಳೆಯದ ಸಂಗತಿ, ಮನೆಯ ಧೂಳಿನಲ್ಲಿಯೂ ಮರಳಿನ ಕಣವಿರುತ್ತದೆ, ಅದರ ಗಡಸುತನ 7. ತೆರೆದ ತಟ್ಟೆಯಲ್ಲಿಟ್ಟ ಮುತ್ತಿನ ಮೇಲೆ ಕೂತ ಧೂಳನ್ನು ಸೆರಗಿನಲ್ಲಿ ಒರೆಸುವುದೆಂದರೆ ನುಣ್ಣನೆಯ ಉಪ್ಪುಕಾಗದದಿಂದ ತಿಕ್ಕಿದಂತೆ. ಹೀಗಾಗಿ ತೆರೆದಿಡುವಂಥದ್ದು ಯಾವುದು, ಮುಚ್ಚಿಡುವಂಥದ್ದು ಯಾವುದು ಎಂಬ ವಿಂಗಡಣೆ ಇಲ್ಲಿಯೇ ಆಗಿಬಿಡಬೇಕು.

ಈಗ ನಿಮ್ಮ ಸಾಮಾನುಗಳಿಗೆ ಬರೋಣ. ಎಲ್ಲಕ್ಕಿಂತ ಒಳ್ಳೆಯ ಸರಕು ನಿಮ್ಮಲ್ಲಿರುವ ಅಕ್ಷರದ ಕೇಸು. ಲೋಹದ ಅಕ್ಷರದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮನೆ ಬೇಕಾದ್ದರಿಂದ ಕನ್ನಡದ ಕೇಸುಗಳಲ್ಲಿ ಮನೆಗಳು ಹೆಚ್ಚು, ಸಣ್ಣವು. ಅದು ನಿಮಗೆ ಲಾಭ: ಉಂಗುರ, ಮೂಗುಬೊಟ್ಟು, ತಿರುಪಿನ ಓಲೆ, ಮಾಟಿಗಳು ಜೋಡಿ ತಪ್ಪದೆ ಕೂರಲು ಇದಕ್ಕಿಂತ ಅನುಕೂಲದ ತಟ್ಟೆ ಹೊಸದಾಗಿ ಮಾಡಿಸಿದರೂ ಸಿಗದು.

ಆದರೆ ಅದನ್ನು ಮುಟ್ಟುವ ಮುನ್ನ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಬೂದು ಅಥವಾ ಬಿಳಿ ಬಣ್ಣದ ಪುಡಿ ಕಂಡರೆ ಅದು ಬರೀ ಧೂಳಲ್ಲ. ಅಚ್ಚಿನ ಮೊಳೆ ಸೀಸ, ಆಂಟಿಮನಿ, ತವರದ ಮಿಶ್ರಲೋಹ. ಅದರಲ್ಲಿ ಸೀಸವೇ ಹೆಚ್ಚು. ಮೊಳೆಗಳು ಒಂದಕ್ಕೊಂದು ತಾಗಿ ಸವೆದ ಪುಡಿ ಮೂಲೆಯಲ್ಲಿ ಕೂತಿರುತ್ತದೆ. ಮರದಿಂದ ಹೊಮ್ಮುವ ಆಮ್ಲದ ಆವಿ ಸೀಸವನ್ನು ತಿಂದಾಗ ಬಿಳಿ ಪುಡಿಯಾಗುತ್ತದೆ. ಊದಬೇಡಿ, ಪೊರಕೆ ಹಾಕಬೇಡಿ, ಹತ್ತಿರ ಮಕ್ಕಳನ್ನು ಬಿಡಬೇಡಿ. ಮೂಗು ಬಾಯಿಗೆ ಮಾಸ್ಕ್, ಕೈಗೆ ಗವಸು ಹಾಕಿಕೊಂಡು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮನೆಮನೆಯನ್ನೂ ಒರೆಸಿ. ಕಡ್ಡಿಗೆ ಹತ್ತಿ ಸುತ್ತಿ ಮೂಲೆಗಳನ್ನು ತೆಗೆಯಿರಿ. ಆ ಬಟ್ಟೆಯನ್ನು ಒಗೆದು ಮತ್ತೆ ಬಳಸುವ ಜಿಪುಣತನ ಇಲ್ಲಿ ಬೇಡ, ಎಸೆದುಬಿಡಿ. ಕೇಸು ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಎರಡು ಕೈ ಫ್ರೆಂಚ್ ಪಾಲಿಶ್ ಕೊಡಿ. ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಡಗಿಗಳು ಮಾಡಿಕೊಳ್ಳುತ್ತಾರಲ್ಲ, ಅದು. ಅಳಿದುಳಿದ ಪುಡಿಯನ್ನು ಅದು ಮರಕ್ಕೇ ಕಟ್ಟಿಹಾಕುತ್ತದೆ.

ಸೀಸವನ್ನು ಬೆಳ್ಳಗೆ ಮಾಡುವ ಅದೇ ಮರದ ಆಮ್ಲ ಮುತ್ತು ಹವಳಕ್ಕೂ ತಾಗುತ್ತದೆ ಎಂಬುದನ್ನು ಮರೆಯಬೇಡಿ. ಮರ ಎಷ್ಟೇ ಹಳೆಯದಾಗಿದ್ದರೂ ಮುಚ್ಚಿದ ಪೆಟ್ಟಿಗೆಯೊಳಗೆ ಸ್ವಲ್ಪ ಸ್ವಲ್ಪವಾಗಿ ಆವಿ ಬಿಡುತ್ತಲೇ ಇರುತ್ತದೆ. ಪ್ಲೈವುಡ್, ಒತ್ತಿದ ಹಲಗೆಗಳದ್ದು ಇನ್ನೂ ಹೆಚ್ಚು. ಹಾಗಾಗಿ ಮುತ್ತಿನ ಒಡವೆಗೆ ಮರದ ಪೆಟ್ಟಿಗೆ ನನ್ನ ಆಯ್ಕೆಯಲ್ಲ.

ಕೇಸನ್ನು ಗೋಡೆಗೆ ನಿಲ್ಲಿಸುವ ಆಸೆ ನಿಮಗಿರಬಹುದು, ಎಲ್ಲರಿಗೂ ಇರುತ್ತದೆ. ನಿಲ್ಲಿಸಿದರೆ ಮನೆಯೊಳಗಿನ ಉಂಗುರ ಮುಂದಕ್ಕೆ ಜಾರಿ ಬೀಳುತ್ತದೆ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗೆ ಒಯ್ದು, ಕೇಸಿನ ಅಳತೆಗೆ ಗಾಜಿನ ಬಾಗಿಲೊಂದನ್ನು ಕೀಲು ಹಾಕಿಸಿ ಮಾಡಿಸಿಕೊಳ್ಳಿ. ಕೇಸಿಗೆ ಮೊಳೆ ಹೊಡೆಯದೆ, ಅದು ಒಳಗೆ ಕೂರುವಂಥ ತೆಳು ಚೌಕಟ್ಟು ಮಾಡಿಸಿದರೆ ಇನ್ನೂ ಉತ್ತಮ. ಗಾಜು ಧೂಳನ್ನೂ ತಡೆಯುತ್ತದೆ, ಜಾರುವುದನ್ನೂ ತಡೆಯುತ್ತದೆ. ತೂಕ ಚೆನ್ನಾಗಿಯೇ ಇರುವುದರಿಂದ ಗೋಡೆಯಲ್ಲಿ ಎರಡು ಕಡೆ ರಂಧ್ರ ಕೊರೆಸಿ ಪ್ಲಗ್ ಇಟ್ಟು ಸ್ಕ್ರೂ ಹಾಕಿಸಿ. ಕ್ಯಾಲೆಂಡರಿನ ಮೊಳೆಗೆ ತಗುಲಿಸಬೇಡಿ.

ಸಾಂಬಾರ ಬಟ್ಟಲನ್ನು ಬಿಟ್ಟುಕೊಡಬೇಕಾಗಿಲ್ಲ, ಅದಕ್ಕೆ ತಾಳ್ಮೆ ಬೇಕು ಅಷ್ಟೇ. ನೀರಿನಲ್ಲಿ ನೆನೆಸಬೇಡಿ, ಇಡೀ ತುಂಡಿನಲ್ಲಿ ಕೊರೆದ ಮರ ಉಬ್ಬಿ, ಒಣಗುವಾಗ ಬಾಯಿ ಬಿಡುತ್ತದೆ. ಒಣ ಬ್ರಷ್ಷಿನಿಂದ ಮೂಲೆಗಳನ್ನು ತೆಗೆದು, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಮನೆಗಳಿಗೆ ಅಡುಗೆ ಸೋಡಾ ತುಂಬಿ ಮುಚ್ಚಿಡಿ. ವಾರಕ್ಕೊಮ್ಮೆ ಸೋಡಾ ಬದಲಿಸಿ. ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದಾಗ ಇಂಗು ನೆನಪಾಗದ ದಿನ ಪಾಲಿಶ್ ಕೊಡಬಹುದು. ಅರಗಿನ ಪಾಲಿಶ್ ವಾಸನೆಯನ್ನು ಒಳಗೇ ಹಿಡಿದಿಡುವುದರಲ್ಲಿ ಗಟ್ಟಿಗ. ಮಳೆಗಾಲದಲ್ಲಿ ಈ ಪಾಲಿಶ್ ಹಚ್ಚಬೇಡಿ. ತೇವ ಹಿಡಿದು ಬಿಳಿ ಮಂಜು ಕವಿದಂತಾಗುತ್ತದೆ. ನಿಮ್ಮ ಕಡೆ ಸಂಕ್ರಾಂತಿ ಕಳೆದ ಮೇಲೆ ಒಳ್ಳೆಯ ಸಮಯ. ಇಷ್ಟೆಲ್ಲ ಮಾಡಿದ ಮೇಲೂ ಅದರಲ್ಲಿ ಬೆಳ್ಳಿ ಇಡಬೇಡಿ. ಟೆರಾಕೋಟ, ಮರದ ಮಣಿ, ನೂಲಿನ ಓಲೆ, ಚನ್ನಪಟ್ಟಣದ ಅರಗಿನ ಬಣ್ಣದ ಬಳೆಗಳು, ಇವುಗಳಿಗೆ ಆ ಬಟ್ಟಲು ಬರೆದಿಟ್ಟಂತಿದೆ.

ಚನ್ನೆಮಣೆಗೆ ಹೆಚ್ಚೇನೂ ಮಾಡಬೇಡಿ ಎಂಬುದು ನನ್ನ ಬಿನ್ನಹ. ಅದರ ಹದಿನಾಲ್ಕು ಗುಳಿಗಳು ದಿನವೂ ತೊಡುವ ಓಲೆ, ಉಂಗುರಗಳಿಗೆ ಸಾಕು. ಕನ್ನಡಿಯ ಮುಂದೆ ಇಟ್ಟರೆ ಸಂಜೆ ಕಳಚಿದ್ದು ಅಲ್ಲಿಗೇ ಬರುತ್ತದೆ. ಅದಕ್ಕೆ ಸುವರ್ಣ ಬಣ್ಣದ ಸ್ಪ್ರೇ ಹೊಡೆದವರನ್ನು ಕಂಡಿದ್ದೇನೆ. ತಲೆಮಾರುಗಳ ಬೆರಳು ಸವರಿ ನುಣುಪಾದ ಹಲಸಿನ ಮರಕ್ಕೆ ಡಬ್ಬಿಯ ಚಿನ್ನ ಯಾಕೆ ಬೇಕೋ ನನಗೆ ತಿಳಿಯದು. ಒಂದೊಂದು ಗುಳಿಗೂ ದುಂಡಗೆ ಕತ್ತರಿಸಿದ ಬಟ್ಟೆಯ ತುಂಡು ಹಾಕಿ, ಸಾಕು. ಆಟವಾಡಲು ಮನಸ್ಸಾದರೆ ತೆಗೆದಿಡಬಹುದು. ಹಾಗೆಯೇ ಅದರ ಜೊತೆ ಬಂದಿರಬಹುದಾದ ಕಾಯಿಗಳನ್ನು ಒಮ್ಮೆ ನೋಡಿ. ಅವುಗಳಲ್ಲಿ ಗುಲಗಂಜಿ ಇದ್ದರೆ ಅಂದಕ್ಕೆಂದು ಮೇಲೆ ಹರಡಿ ಇಡಬೇಡಿ: ಜಗಿದರೆ ಅದು ಕಡುವಿಷ, ಮನೆಗೆ ಬರುವ ಮಕ್ಕಳಿಗೆ ಆ ಕೆಂಪು ಕಪ್ಪಿನ ಸೆಳೆತ ಜೋರು.

ಒಳಹಾಸಿನ ಬಟ್ಟೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಎಡವುವುದೆಲ್ಲ ಇಲ್ಲಿಯೇ. ಕಡುಗೆಂಪು ಮಖಮಲ್ಲು ಚೆಂದ, ನಿಜ. ತೇವಕ್ಕೆ ಅದು ಬಣ್ಣ ಬಿಡುತ್ತದೆ, ಮುತ್ತು ಆ ಬಣ್ಣವನ್ನು ಕುಡಿಯುತ್ತದೆ. ಒಡವೆ ಅಂಗಡಿಯ ಗುಲಾಬಿ ಕಾಗದದ್ದೂ ಅದೇ ಹಣೆಬರಹ. ಉಣ್ಣೆಯ ಫೆಲ್ಟ್ ಹಾಕಿದರೆ ಬೆಳ್ಳಿ ಮತ್ತೆ ಕಪ್ಪು, ಉಣ್ಣೆಯಲ್ಲಿಯೂ ಗಂಧಕವಿದೆ. ಹತ್ತಾರು ಬಾರಿ ಒಗೆದು ಗಂಜಿ ಪೂರ್ತಿ ಹೋದ ಹಳೆಯ ಬಿಳಿ ಪಂಚೆ ಅಥವಾ ಮಲ್ಲಿನ ಬಟ್ಟೆಗೆ ಸಮನಾದದ್ದು ಇಲ್ಲ. ಅದನ್ನು ಬಿಳಿ ಗೋಂದು ಬಳಿದು ಪೆಟ್ಟಿಗೆಗೆ ಅಂಟಿಸಬೇಡಿ: ಆ ಗೋಂದು ಒಣಗಿದ ಮೇಲೂ ಹುಳಿ ಆವಿ ಬಿಡುತ್ತದೆ, ಮುಂದೆ ಕೀಳಲು ಹೋದರೆ ಮರದ ಮೈಯನ್ನೂ ಕೀಳುತ್ತದೆ. ತಳದ ಅಳತೆಗೆ ಬಟ್ಟೆಯನ್ನು ಎರಡು ಮೂರು ಪದರ ಮಡಚಿ, ಸುತ್ತ ಕೈಹೊಲಿಗೆ ಹಾಕಿ, ಪುಟ್ಟ ಹಾಸಿಗೆಯ ಹಾಗೆ ಒಳಗೆ ಇಟ್ಟರಾಯಿತು. ಕೊಳೆಯಾದಾಗ ತೆಗೆದು ಒಗೆಯಲೂ ಬರುತ್ತದೆ.

ಎಲೆಯಡಿಕೆ ಪೆಟ್ಟಿಗೆ ಹಿತ್ತಾಳೆಯದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆಯ ಮುಲಾಮು ಹಾಕಿದ್ದು. ಗುಜರಿಯವರು ಹಿತ್ತಾಳೆಯನ್ನು ತೂಕದ ಲೆಕ್ಕದಲ್ಲಿ ಕೊಡುವುದರಿಂದ ಮುಂದಿನ ಬಾರಿ ಅಯಸ್ಕಾಂತವನ್ನು ಕೈಚೀಲದಲ್ಲಿಯೇ ಇಟ್ಟುಕೊಂಡು ಹೋಗಿ. ಒಳಗಿನ ಸುಣ್ಣದ ಡಬ್ಬಿಯಲ್ಲಿ ಒಣಗಿ ಕಲ್ಲಾದ ಸುಣ್ಣವಿದ್ದರೆ ನಿಂಬೆರಸ ಹಾಕಿ ಬಿಡಿಸಿ. ಹೊರಮೈಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುವುದು ನಮ್ಮೆಲ್ಲರ ಮನೆಯ ಪದ್ಧತಿಯೇ, ತಪ್ಪಿಲ್ಲ. ತಪ್ಪು ನಡೆಯುವುದು ತೊಳೆಯುವಾಗ. ಸಂದಿಯಲ್ಲಿ ಉಳಿದ ಉಪ್ಪು ತೇವ ಎಳೆದು ಹಸಿರು ಕಿಲುಬು ತರಿಸುತ್ತದೆ. ಕೀಲುಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಆಡಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಪೆಟ್ಟಿಗೆಯನ್ನು ತಂಗಿಗೆ ಕಳುಹಿಸದೆ ನೀವೇ ಇಟ್ಟುಕೊಳ್ಳುವುದಾದರೆ, ಒಳಗೆ ಕಲಾಯಿ ಮಾಡಿಸುವ ಯೋಚನೆಯಿದ್ದರೆ ಖಂಡಿತ ಮಾಡಿಸಿ. ತವರದ ಪದರದಿಂದ ಒಡವೆಗೆ ಯಾವ ಬಾಧೆಯೂ ಇಲ್ಲ. ಕಲಾಯಿಯವರು ನವಸಾಗರ ಹಾಕುತ್ತಾರೆ, ಅದೂ ಒಂದು ಬಗೆಯ ಉಪ್ಪೇ, ಆದ್ದರಿಂದ ಮನೆಗೆ ತಂದ ಮೇಲೆ ಮತ್ತೊಮ್ಮೆ ತೊಳೆಯಿರಿ. ಡಬ್ಬಿಯಲ್ಲಿ ಸಿಗುವ ಹಿತ್ತಾಳೆ ಪಾಲಿಶ್‌ಗಳನ್ನು ಒಳಮೈಗೆ ಹಚ್ಚದಿರುವುದು ಲೇಸು.

ಈ ಪೆಟ್ಟಿಗೆಗೆ ನಿಮ್ಮ ಬೆಳ್ಳಿ ಹೋಗಲಿ. ಕಾಲ್ಗೆಜ್ಜೆ, ಕಾಲುಂಗುರಗಳನ್ನು ಒಂದೊಂದಾಗಿ ಮಲ್ಲಿನ ಬಟ್ಟೆಯಲ್ಲಿ ಸುತ್ತಿ, ಸಾಧಾರಣ ಪಾಲಿಥಿನ್ ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಒಳಗಿಡಿ. ಚಪ್ಪಲಿ, ಔಷಧಿ ಡಬ್ಬಿಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕೂಡಿಟ್ಟುಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಊರಿನಲ್ಲಿ ಅವು ಬೇಕಾಗುತ್ತವೆ.

ಜರಡಿಗಳು ಜೋತಾಡುವ ಓಲೆಗಳಿಗೆ. ಹಿಟ್ಟಿನ ಜರಡಿಯ ಕಣ್ಣು ಬಹಳ ಸಣ್ಣದು, ಕೊಕ್ಕೆ ತೂರುವುದಿಲ್ಲ. ರಾಗಿ, ಅಕ್ಕಿ ಜರಡಿ ಹಿಡಿಯುವ ಅಳತೆಯದಾದರೆ ಸರಿ. ಕೊಳ್ಳಲು ಹೋಗುವಾಗ ಒಂದು ಝುಮಕಿ ಜೊತೆಯಲ್ಲಿದ್ದರೆ ಅಲ್ಲಿಯೇ ತೂರಿಸಿ ನೋಡಬಹುದು. ಕಬ್ಬಿಣದ ತಂತಿಯದಾಗಿದ್ದರೆ ತುಕ್ಕು ಉಜ್ಜಿ ಪಾರದರ್ಶಕ ವಾರ್ನಿಶ್ ಹೊಡೆಯದೆ ಬಳಸಬೇಡಿ. ತಿರುಪಿನ ಓಲೆಗಳಿಗೆ ಇದು ಹೇಳಿದ್ದಲ್ಲ: ದಿನಾ ತಿರುಪು ಬಿಚ್ಚಿ ಹಾಕುವ ಭರದಲ್ಲಿ ತಿರುಪು ಮಂಚದಡಿ ಸೇರುತ್ತದೆ.

ಬಳೆಗೆ ಲಟ್ಟಣಿಗೆ ಹೇಳಿ ಮಾಡಿಸಿದ್ದು. ಬಳೆಯ ಅಳತೆ ಓದುವ ರೀತಿ ಗೊತ್ತಿದ್ದರೆ ಲಟ್ಟಣಿಗೆ ಆರಿಸುವುದು ಸುಲಭ. ಎರಡು ನಾಲ್ಕು ಎಂದರೆ 2 ಅಂಗುಲ ಮತ್ತು ಹದಿನಾರರಲ್ಲಿ 4 ಭಾಗ, ಅಂದರೆ ಒಳವ್ಯಾಸ ಸುಮಾರು 57 ಮಿಲಿಮೀಟರ್. ಎರಡು ಆರು ಸುಮಾರು 60, ಎರಡು ಎಂಟು ಎಂದರೆ ಎರಡೂವರೆ ಅಂಗುಲ, ಅರವತ್ತಮೂರೂವರೆ ಮಿಲಿಮೀಟರ್. ಲಟ್ಟಣಿಗೆಯ ದಪ್ಪ 45 ಮಿಲಿಮೀಟರ್ ಮೀರದಿದ್ದರೆ ಎರಡು ನಾಲ್ಕರ ಬಳೆಯೂ ಸಲೀಸಾಗಿ ಏರಿಳಿಯುತ್ತದೆ. ಬಡಗಿಯಿಂದ ಎರಡು ಕವಲಿನ ಆಸರೆ ಮಾಡಿಸಿ ಅಡ್ಡಡ್ಡ ಮಲಗಿಸಿ. ಒಂದು ತುದಿ ಎತ್ತಿ ಬಳೆ ಜಾರಿಸಬಹುದು. ಗಾಜಿನ ಬಳೆ ಇನ್ನೂ ಉಳಿದರೆ ಹಳೆಯ ಕಿರಾಣಿ ಅಂಗಡಿಯ ಪೆಪ್ಪರಮಿಂಟಿನ ಗಾಜಿನ ಭರಣಿ ಹುಡುಕಿ. ಬಣ್ಣಬಣ್ಣದ ಬಳೆ ತುಂಬಿ ಬೆಳಕು ಬೀಳುವ ಕಡೆ ಇಟ್ಟರೆ ನೀವು ಕೇಳಿದ ಅಲಂಕಾರದ ಪಾಲು ಅಲ್ಲಿಗೇ ಮುಗಿಯುತ್ತದೆ. ಮಿಕ್ಕದ್ದನ್ನು ಧೈರ್ಯವಾಗಿ ಮುಚ್ಚಿಡಬಹುದು.

ಉಪ್ಪಿನಕಾಯಿ ಭರಣಿಯ ಪಿಂಗಾಣಿ ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಒಳಗೆ ಉಪ್ಪು ಇಳಿದಿರುತ್ತದೆ; ಕೆಲವು ದಿನ ನೀರು ಬದಲಿಸುತ್ತಾ ನೆನೆಸಿ. ಬಿರುಕಿಲ್ಲದ ಪಿಂಗಾಣಿಯಷ್ಟು ಸಾಧು ಪಾತ್ರೆ ಬೇರೊಂದಿಲ್ಲ. ಮುತ್ತಿನ ಸರಕ್ಕೆ ಅದೇ ಜಾತಿಯ ಅಗಲ ಬಾಯಿಯ ಮುಚ್ಚಳದ ಬೋಗುಣಿ ಸಿಕ್ಕರೆ ಬಟ್ಟೆ ಹಾಸಿ ಮಲಗಿಸಿಡಿ. ತೂಗುಹಾಕಿದರೆ ನೂಲು ಹಿಗ್ಗುತ್ತದೆ. ಕರಿಮಣಿಗೂ ಅದೇ ಮಾತು. ಲೋಹದ ಸರಗಳನ್ನು ಮಾತ್ರ ತೂಗುಹಾಕಿ, ಅದೂ ಬೀರುವಿನ ಬಾಗಿಲಿನ ಒಳಮೈಗೆ. ಹಳೆಯ ತೊಟ್ಟಿಲಿನ ಹಿತ್ತಾಳೆ ಕೊಕ್ಕೆಗಳು ಇದಕ್ಕೆ ಲಾಯಕ್ಕು.

ಇನ್ನು ಮುಂದೆ ಕೊಳ್ಳುವಾಗ ಎರಡು ಎಚ್ಚರ. ಮರದ ಸಾಮಾನನ್ನು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಗುಂಡುಸೂಜಿಯ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಜೀವಂತವಾಗಿದೆ, ಮನೆಯ ಬಾಗಿಲು ದಾಟಿಸಬೇಡಿ. ತೀರಾ ಮನಸ್ಸಾದ ಸಣ್ಣ ಡಬ್ಬಿಯಾದರೆ ಪಾಲಿಥಿನ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಮಾಮೂಲಿ ಬಿಸಿಗೆ ಬರುವವರೆಗೆ ಚೀಲ ಬಿಚ್ಚದಿರಿ. ಎರಡನೆಯದು ಹಳೆಯ ಬಣ್ಣ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಇಲ್ಲವೇ ಇದ್ದ ಹಾಗೆಯೇ ಮೇಲೆ ವಾರ್ನಿಶ್ ಕೊಡಿ. ಉದುರುತ್ತಿರುವ ಹಳೆಯ ಬಣ್ಣದ 'ಅಂದ'ಕ್ಕೆ ಮರುಳಾಗುವವರು ಇದನ್ನು ತಿಳಿದಿರಬೇಕು.

ಬೀಟೆಯ ಮೇಲೆ ಬಿಳಿ ಕೆತ್ತನೆ ಕೂರಿಸಿದ ಮೈಸೂರಿನ ಹಳೆಯ ಪೆಟ್ಟಿಗೆ ಎಲ್ಲಾದರೂ ಕಂಡು, ಮಾರುವವರು 'ಅಪ್ಪಟ ದಂತ' ಎಂದು ಪಿಸುಗುಟ್ಟಿದರೆ ಕೈ ಹಿಂದೆಗೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಅತ್ತೆಯವರ ಮಾತನ್ನು ನಾನು ತಳ್ಳಿಹಾಕಲಾರೆ. ಯಾರ ಮನೆಯದೋ ಎಂಬ ಅವರ ಅಳುಕು ನನ್ನ ಇಂಗು, ಸೀಸ, ಹುಳುಗಳ ಪಟ್ಟಿಗಿಂತ ತೀರಾ ದೂರದ್ದೇನಲ್ಲ. ತೊಳೆದು, ಒಣಗಿಸಿ, ಪಾಲಿಶ್ ಮಾಡಿದ್ದನ್ನು ಅವರ ಕೈಯಲ್ಲಿಯೇ ಇಟ್ಟು ತೋರಿಸಿ. ಚನ್ನೆಮಣೆ ಕಂಡರೆ ಬಹುಶಃ ಆಟಕ್ಕೇ ಕರೆದಾರು. ಚಿನ್ನವನ್ನು ಇವುಗಳಲ್ಲಿ ಇಡುವುದಿಲ್ಲ ಎಂಬ ಭರವಸೆಯನ್ನೂ ಕೊಡಿ, ಅದು ನನ್ನ ಸಲಹೆಯೂ ಹೌದು. ಅತಿಥಿಗಳ ಕಣ್ಣಿಗೆ ಬೀಳಲೆಂದೇ ಜೋಡಿಸಿದ ಜಾಗ ಕಳ್ಳರ ಕಣ್ಣಿಗೂ ಬೀಳುತ್ತದೆ. ಬ್ಯಾಂಕಿನ ಲಾಕರ್ ಇದ್ದರೆ ಅಲ್ಲಿಡಿ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು ಮಾತ್ರ ಎಂಬುದೂ ಗೊತ್ತಿರಲಿ. ಹೆಚ್ಚಿನ ಬೆಲೆಯದಕ್ಕೆ ವಿಮೆ ಬೇರೆ ಮಾಡಿಸಿ.

ಕೊನೆಗೆ ತಂಗಿಯ ಕೋರಿಕೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಶಲ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಎಲೆಯಡಿಕೆ ಪೆಟ್ಟಿಗೆ ಎಪ್ಪತ್ತು ವರ್ಷದ್ದೋ ನೂರಿಪ್ಪತ್ತರದ್ದೋ ಎಂದು ಕಸ್ಟಮ್ಸ್‌ನವರೆದುರು ವಾದಿಸುವುದಕ್ಕಿಂತ, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಸರಿ. ಎಲ್ಲ ಕಡೆಯಿಂದ ತೆಗೆದ ಫೋಟೋ, ಅಳತೆ, ತೂಕ ಸಿದ್ಧವಿಟ್ಟುಕೊಂಡು ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ. ಪತ್ರ ಕೈಗೆ ಬರುವವರೆಗೆ ಅದಕ್ಕೆ ಕಲಾಯಿ ಮಾಡಿಸಬೇಡಿ, ನೋಡುವವರಿಗೆ ಹಳೆಯ ಒಳಮೈ ಕಾಣಬೇಕು. ಅಷ್ಟರಲ್ಲಿ ತಂಗಿಗೆ ಆತುರವಾದರೆ ಅದೇ ಮಾದರಿಯ ಹೊಸ ಪೆಟ್ಟಿಗೆಯನ್ನು ಹಿತ್ತಾಳೆ ಪಾತ್ರೆ ಅಂಗಡಿಯಿಂದ ಬಿಲ್ ಸಮೇತ ಕೊಂಡು ಕಳುಹಿಸಿ.